ನಾಲ್ಕು ಊರುಗಳ ಕಚ್ಚಾ ಹೊಲಿಗೆ

ಆ ರಜೆಯಲ್ಲಿ ನಾವು ನಾಲ್ಕು ಊರುಗಳಲ್ಲಿ ಬದುಕಿದೆವು, ಒಂದೊಂದರಲ್ಲಿ ಎರಡೆರಡು ದಿನ. ಈಗಲೂ ಕೆಲವು ದಿನ ಬೆಳಗ್ಗೆ ಕಣ್ಣು ಬಿಡುವಾಗ ಕಿಟಕಿ ಯಾವ ಗೋಡೆಯಲ್ಲಿದೆ ಎಂಬುದು ನನಗೆ ತಿಳಿಯುವುದಿಲ್ಲ. ಅರೆನಿದ್ದೆಯಲ್ಲಿ ಆ ನಾಲ್ಕೂ ಊರು ಒಂದಕ್ಕೊಂದು ಸೇರಿಕೊಂಡು ಒಂದೇ ಉದ್ದನೆಯ ಬೀದಿಯಾಗುತ್ತವೆ. ಆ ಬೀದಿಯಲ್ಲಿ ನನ್ನ ಮಗಳು ಬೆನ್ನಿಗೆ ಚೀಲ ಹಾಕಿಕೊಂಡು ನನಗಿಂತ ಹತ್ತು ಹೆಜ್ಜೆ ಮುಂದೆ ನಡೆಯುತ್ತಿರುತ್ತಾಳೆ. ಹದಿನೈದು ವರ್ಷದ ಮಕ್ಕಳು ತಾಯಂದಿರ ಜೊತೆ ನಡೆಯುವುದಿಲ್ಲ; ತಾಯಂದಿರು ನಡೆಯುವ ಬೀದಿಯಲ್ಲಿ ತಾವೂ ನಡೆಯುತ್ತಾರೆ, ಅಷ್ಟೆ.

ನಾನು ಟೈಲರ್. ಹೊಸ ಬಟ್ಟೆ ಹೊಲಿಸುವವರು ಕಡಿಮೆಯಾದ ಮೇಲೆ ಹಳೆಯದನ್ನು ಸರಿಮಾಡುವ ಕೆಲಸವೇ ಹೆಚ್ಚು. ಪ್ಯಾಂಟಿನ ಅಂಚು ಮಡಿಸುವುದು, ಕೋಟಿನ ಒಳಬಟ್ಟೆ ಬದಲಿಸುವುದು, ಹೊಟ್ಟೆ ಬಂದ ಗಂಡಸರ ಸೊಂಟದ ಹೊಲಿಗೆ ಬಿಡಿಸಿ ಅವರ ಮಾನ ಕಾಯುವುದು. ಇವಳ ಕೈ ಒಳ್ಳೆಯದು, ಬಾಯಿ ಒಳ್ಳೆಯದಲ್ಲ ಎಂದು ನಮ್ಮ ಬೀದಿಯವರೆಲ್ಲ ಹೇಳುತ್ತಿದ್ದರು. ಸುಳ್ಳೇನಲ್ಲ. ಮಗಳನ್ನು ನಾನು ಏಣಿ ಎಂದು ಕರೆಯುತ್ತೇನೆ. ಮೂರು ವರ್ಷದ ಹಿಂದೆ ನನ್ನ ಭುಜಕ್ಕಿದ್ದವಳು ಈಗ ಅಡುಗೆಮನೆ ಬಾಗಿಲಿಗೆ ಹಣೆ ಬಡಿಸಿಕೊಳ್ಳುತ್ತಾಳೆ. ಅಂಥವಳನ್ನು ಬೇರೇನೆಂದು ಕರೆಯಲಿ?

ನಾವಿದ್ದದ್ದು ದೊಡ್ಡ ಪಟ್ಟಣದಲ್ಲಿ. ಕೆಳಗೆ ಅಂಗಡಿ, ಮೇಲೆ ಒಂದೂವರೆ ಕೋಣೆ. ಆ ಚಳಿಗಾಲ ಕಟ್ಟಡ ಕೈ ಬದಲಾಯಿತು. ಹೊಸ ಮಾಲೀಕ ಕೇಳಿದ ಬಾಡಿಗೆ ಕೊಡಬೇಕೆಂದರೆ ಇಡೀ ಪಟ್ಟಣದ ಪ್ಯಾಂಟುಗಳನ್ನು ನಾನೊಬ್ಬಳೇ ಗಿಡ್ಡ ಮಾಡಬೇಕಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರಲ್ಲ, ಅಲ್ಲಿ ಹಾಸಿಗೆಯೇ ಉಳಿಯುವಂತಿರಲಿಲ್ಲ. ಎಲ್ಲಾದರೂ ಒಂದು ಚಿಕ್ಕ ಊರಿಗೆ ಹೋಗಬೇಕು, ನನ್ನ ಸಂಪಾದನೆಗೆ ಒಗ್ಗುವ ಊರಿಗೆ.

ಅದರ ಜೊತೆಗೆ ಇನ್ನೊಂದು ಚಿಂತೆಯಿತ್ತು. ಏಣಿ ಹೊರಗೆ ಹೋಗುವುದನ್ನೇ ಬಿಟ್ಟಿದ್ದಳು. ಹನ್ನೊಂದು ಹನ್ನೆರಡನೆಯ ವಯಸ್ಸಿನಲ್ಲಿ ಅವಳು ಈಜುಕೊಳದಲ್ಲೇ ಬಿದ್ದಿರುತ್ತಿದ್ದಳು. ಬೆರಳುಗಳು ಸುಕ್ಕುಗಟ್ಟುವವರೆಗೂ ಮೇಲೆ ಬರುತ್ತಿರಲಿಲ್ಲ. ಒಂದು ದಿನ ಇದ್ದಕ್ಕಿದ್ದಂತೆ "ನೀರು ಬೇಜಾರಮ್ಮ" ಎಂದಳು. ಅಂದಿನಿಂದ ಶಾಲೆ, ಕೋಣೆ, ಎಳೆದ ಪರದೆ. ಅವಳ ಮುಖ ಅಂಗಡಿಯ ಗಾಜಿನೊಳಗೆ ಬಹಳ ದಿನ ಇಟ್ಟ ಬಟ್ಟೆಯ ಹಾಗೆ ಬಣ್ಣ ಕಳೆದುಕೊಳ್ಳುತ್ತಿತ್ತು.

ಹೊಲಿಯುತ್ತ ಕೂತಾಗ ನಾನು ಊರುಗಳ ಕನಸು ಕಾಣುತ್ತಿದ್ದೆ. ಪೆಡಲು ಒಂದೇ ಲಯಕ್ಕೆ ಬಿದ್ದರೆ ಬಟ್ಟೆ ಸೂಜಿಯ ಕೆಳಗೆ ನೀರಿನಂತೆ ಹರಿಯುತ್ತದೆ. ಆ ನೀರಿನ ದಡದಲ್ಲಿ ಒಂದು ಊರು ಏಳುತ್ತಿತ್ತು: ಚಿಕ್ಕ ಅಂಚೆ ಕಚೇರಿ, ಅದರ ಪಕ್ಕ ನನ್ನ ಅಂಗಡಿ, ಸಂಜೆ ಒದ್ದೆ ಕೂದಲಿನಲ್ಲಿ ಮನೆಗೆ ಓಡಿಬರುವ ಹುಡುಗಿ. ದಾರ ಮುಗಿದಾಗ ಊರೂ ಮುಗಿಯುತ್ತಿತ್ತು. ಮತ್ತೆ ದಾರ ಪೋಣಿಸುವಾಗ ಅದಿನ್ನೂ ಅಲ್ಲೇ ಇರುತ್ತದೋ ಇಲ್ಲವೋ ಎಂದು ಹೆದರಿಕೆಯಾಗುತ್ತಿತ್ತು.

ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಗಿರಾಕಿಗಳನ್ನೆಲ್ಲ ವಿಚಾರಿಸಿದೆ. ನಿಮ್ಮ ಹುಟ್ಟೂರು ಯಾವುದು, ಅಲ್ಲಿ ಮನೆ ಬಾಡಿಗೆ ಹೇಗೆ, ಮಕ್ಕಳು ಸಂಜೆ ಎಲ್ಲಿರುತ್ತಾರೆ? ಅಳತೆ ಕೊಡುವವರು ಅಲ್ಲಾಡುವ ಹಾಗಿಲ್ಲ, ಆದ್ದರಿಂದ ಉತ್ತರ ಕೊಡಲೇಬೇಕು. ಹಾಗೆ ನಾಲ್ಕು ಊರುಗಳ ಪಟ್ಟಿಯಾಯಿತು.

"ನೀನೇ ಆರಿಸು" ಎಂದು ಪಟ್ಟಿಯನ್ನು ಏಣಿಯ ಮುಂದಿಟ್ಟೆ. ಅವಳು ಅದರ ಮೇಲೆ ಲೋಟ ಇಟ್ಟಳು.

ಅವಳಪ್ಪ ಬಂದರಿನ ನಗರದಲ್ಲಿದ್ದಾನೆ, ಇನ್ನೊಂದು ಮದುವೆಯಾಗಿದ್ದಾನೆ. ಕೆಟ್ಟವನಲ್ಲ, ಒಳ್ಳೆಯವನು ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಅದೇ ವಾರ ಅವನು ಫೋನು ಮಾಡಿ, ಇಲ್ಲೊಂದು ಕೋಣೆ ಖಾಲಿಯಿದೆ, ಶಾಲೆಯೂ ಹತ್ತಿರ, ತಿಂಗಳ ಕೊನೆಯೊಳಗೆ ಹೇಳಿದರೆ ಸೀಟು ಹಿಡಿಯಬಹುದು ಎಂದ. ನಾನು ಫೋನಿಟ್ಟೆ. ಏಣಿ ಲೋಟ ಎತ್ತಿ ಕುಡಿದು ಅದೇ ಪಟ್ಟಿಯ ಮೇಲೆ ಮತ್ತೆ ಇಟ್ಟಳು. ನನಗೆ ಎಲ್ಲಿತ್ತೋ ಕೋಪ.

"ಈ ನಾಲ್ಕರಲ್ಲಿ ಒಂದೂ ಹಿಡಿಸ್ಲಿಲ್ಲ ಅಂದ್ರೆ ನಿಮ್ಮಪ್ಪನ ಹತ್ರ ಹೋಗಿಬಿಡು, ನನಗೂ ಸಾಕಾಗಿದೆ" ಎಂದೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಏಣಿ ನನ್ನನ್ನು ನೋಡಿದಳು. "ಸರಿ, ನಾಲ್ಕನ್ನೂ ನೋಡೋಣ" ಎಂದಳು. ಅಳಲಿಲ್ಲ, ಕೂಗಾಡಲಿಲ್ಲ. ಅದೇ ನನ್ನನ್ನು ಹೆದರಿಸಿತು.

ದುಬಾರಿ ಬಟ್ಟೆಗೆ ನಾವು ನೇರವಾಗಿ ಕತ್ತರಿ ಹಾಕುವುದಿಲ್ಲ. ಮೊದಲು ಅಗ್ಗದ ಬಟ್ಟೆಯಲ್ಲಿ ಸಡಿಲವಾಗಿ ಕಚ್ಚಾ ಹೊಲಿಗೆ ಹಾಕಿ, ತೊಡಿಸಿ, ನಡೆದಾಡಿಸಿ ನೋಡುತ್ತೇವೆ. ಊರಿಗೂ ಹಾಗೇ ಮಾಡಿದರೆ ಎಂದುಕೊಂಡೆ. ಪ್ರವಾಸಿಗಳ ಹಾಗೆ ಸುತ್ತುವುದಲ್ಲ, ಎರಡು ದಿನ ಅಲ್ಲೇ ಇರುವವರ ಹಾಗೆ ಇರುವುದು. ತರಕಾರಿ ಕೊಂಡು ಅಡುಗೆ ಮಾಡಬೇಕು, ಅಂಚೆ ಕಚೇರಿಯ ಸಾಲಿನಲ್ಲಿ ನಿಲ್ಲಬೇಕು, ನಾನು ಒಂದಾದರೂ ಹೊಲಿಗೆಯ ಕೆಲಸ ಹುಡುಕಿಕೊಳ್ಳಬೇಕು. ಬೆಳಗಿನ ಹೊತ್ತು ಏಣಿ ಫೋನು ಬಿಟ್ಟು ಹೊರಗೆ ಹೋಗಬೇಕು. ಇಷ್ಟು ಅವಳಿಗೆ ಹೇಳಿದ ನಿಯಮ. ಹೇಳದ ನಿಯಮ ಇನ್ನೊಂದಿತ್ತು: ಈ ಎಂಟು ದಿನ ನಾನು ಯಾರ ಜೊತೆಯೂ ಜಗಳ ಆಡುವುದಿಲ್ಲ. ನಾನು ಹಾಲಿನವನ ಜೊತೆ ವಾದಕ್ಕೆ ನಿಂತಾಗಲೆಲ್ಲ ಏಣಿ ಆ ಕಡೆಯ ಫುಟ್‌ಪಾತಿಗೆ ದಾಟಿಬಿಡುತ್ತಿದ್ದಳು. ಹೊಸ ಊರಿನಲ್ಲಾದರೂ ಅವಳಿಗೆ ನಾಚಿಕೆಯಾಗಬಾರದು ಎಂದು ಬಾಯಿಗೆ ಬೀಗ ಹಾಕಿಕೊಂಡೆ.

ಮೊದಲನೆಯದು ಕೆರೆಯ ಊರು. ನಾವು ಇಳಿದಾಗ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಊರೆಲ್ಲಿ ಮುಗಿದು ನೀರೆಲ್ಲಿ ಶುರುವಾಗುತ್ತದೆಂದು ಕಾಣುತ್ತಿರಲಿಲ್ಲ. ಮಗುಚಿಟ್ಟ ದೋಣಿಗಳು ದಡದಲ್ಲಿ ಮಲಗಿದ್ದವು. ನಮ್ಮ ಕೋಣೆಯ ಕೆಳಗೆ ಬ್ರೆಡ್ಡು ಸುಡುವವರಿದ್ದರು. ಬೆಳಗಿನ ಜಾವ ಆ ವಾಸನೆ ಹಾಸಿಗೆಯೊಳಗೇ ಬಂದು ಎಬ್ಬಿಸುತ್ತಿತ್ತು. ಮಂಜು ಎದ್ದ ಮೇಲೆ ನೋಡಿದರೆ ಅರ್ಧ ಮನೆಗಳ ಬಾಗಿಲು ಮುಚ್ಚಿದೆ. ಬೇಸಿಗೆಯಲ್ಲಿ ಬಂದು ಹೋಗುವವರ ಮನೆಗಳಂತೆ. ಬಾಡಿಗೆಗೆ ಸಿಕ್ಕುವ ಮನೆಯ ಗೋಡೆಯಲ್ಲಿ ನೀರು ಇಳಿದ ಗುರುತು ನನ್ನ ಎತ್ತರಕ್ಕಿತ್ತು. "ತುಂಬ ಚೆನ್ನಾಗಿದೆ" ಎಂದು ಮನೆ ತೋರಿಸಿದವನಿಗೆ ಹೇಳಿ ನಕ್ಕೆ. ಹಾಗೆ ನಕ್ಕದ್ದಕ್ಕೆ ಅಂದು ಸಂಜೆ ದವಡೆ ನೋಯುತ್ತಿತ್ತು. ಏಣಿ ಎರಡೂ ದಿನ ದಡದಲ್ಲಿ ಮೊಣಕಾಲು ಅಪ್ಪಿಕೊಂಡು ಕೂತಿದ್ದಳು.

"ಹೇಗಿದೆ?" ಎಂದೆ.

"ಬೇಡ."

"ಯಾಕೆ?"

"ಹೀಗೇ."

ಎರಡನೆಯದು ಮೆಟ್ಟಿಲುಗಳ ಊರು. ಗುಡ್ಡದ ಮೈಯಲ್ಲಿ ಮನೆಗಳು, ಬೀದಿ ಎಂಬುದೇ ಇಲ್ಲ, ಬರೀ ಮೆಟ್ಟಿಲು. ಒಬ್ಬರ ಮನೆಯ ಮಾಡಿನ ಪಕ್ಕದಲ್ಲಿ ಇನ್ನೊಬ್ಬರ ಬಾಗಿಲು. ಬಟ್ಟೆ ಒಣಹಾಕಿದ ಹಗ್ಗಗಳ ಕೆಳಗೆ ನುಸುಳುತ್ತ ನುಸುಳುತ್ತ ನಾನು ಯಾರದೋ ಕನಸಿನೊಳಗೆ ಹತ್ತುತ್ತಿದ್ದೇನೆ ಅನಿಸುತ್ತಿತ್ತು. ಕೆಳಗೆ ತೊರೆಯೊಂದು ತಡೆದು ನಿಂತು ಚಿಕ್ಕ ಮಡುವಾಗಿತ್ತು. ಅದರ ವಿಷಯ ಗಿರಾಕಿಯಿಂದ ಕೇಳಿಯೇ ನಾನು ಈ ಊರನ್ನು ಪಟ್ಟಿಗೆ ಹಾಕಿದ್ದು. ಆದರೆ ಒಂದೇ ಸಾಲಿನಲ್ಲಿ ಮೂವರು ಟೈಲರುಗಳು. ಮೂವರಿಗೂ ನಮಸ್ಕಾರ ಹೇಳಿ, ನಿಮ್ಮ ಕೆಲಸ ಚೆನ್ನಾಗಿದೆ ಎಂದು ಹೊಗಳಿ ಬಂದೆ. ಒಬ್ಬ ಹೊಲಿದ ಕಾಲರು ಆನೆಕಿವಿಯಂತಿತ್ತು. ಅದನ್ನೂ ಹೇಳದೆ ನುಂಗಿಕೊಂಡೆ. ಏಣಿ ಮಡುವಿನ ಹತ್ತಿರವೂ ಹೋಗಲಿಲ್ಲ. ಮೇಲಿನ ಮೆಟ್ಟಿಲುಗಳ ಕಡೆ ಹೋಗಿ ಮಧ್ಯಾಹ್ನಕ್ಕೆ ಇಳಿದು ಬಂದು, ನನ್ನನ್ನು ಸ್ವಲ್ಪ ಹೊತ್ತು ನೋಡುತ್ತ ನಿಂತಳು. "ಇದೂ ಬೇಡಮ್ಮ" ಎಂದಳು.

ಮೂರನೆಯ ಊರಿನ ವಿಷಯಕ್ಕೆ ಬಂದರೆ, ಅದು ನನ್ನ ಸೂಜಿಯ ಕೆಳಗೆ ಹರಿಯುತ್ತಿದ್ದ ಊರೇ. ಅಗಲವಾದ, ಆಳವಿಲ್ಲದ ಹಸಿರು ನದಿ. ದಡದ ತುಂಬ ಬೆಣಚುಕಲ್ಲು. ಹಳೆಯ ರೈಲುಹಳಿ ಕಿತ್ತ ಜಾಗದಲ್ಲಿ ಮೈಲುಗಟ್ಟಲೆ ಕಾಲುದಾರಿ. ಅಂಚೆ ಕಚೇರಿ ನಾನು ಕನಸಿನಲ್ಲಿ ಕಂಡಷ್ಟೇ ಚಿಕ್ಕದು. ಬಾಡಿಗೆ ಎಷ್ಟೆಂದು ನಾನು ಎರಡು ಸಲ ಕೇಳಿದೆ, ಅಷ್ಟು ಕಡಿಮೆ. ಊರಲ್ಲಿದ್ದ ಒಬ್ಬಳೇ ಹೊಲಿಗೆಯವಳು ಕಳೆದ ವರ್ಷ ಕಣ್ಣು ಮಂಜಾಗಿ ಕೆಲಸ ನಿಲ್ಲಿಸಿದ್ದಳು. ಜನವೂ ಸೌಮ್ಯ, ಯಾರೂ ಜೋರಾಗಿ ಮಾತಾಡುವವರಲ್ಲ. ನಾನೂ ಮೆಲ್ಲಗೆ ನಡೆದೆ, ಮೆಲ್ಲಗೆ ಮಾತಾಡಿದೆ. ಬೀದಿಯಲ್ಲಿ ಬಿಸಿಲು ಹಾಲಿನ ಕೆನೆಯಂತೆ ಬಿದ್ದಿತ್ತು. ಇಲ್ಲಿ ನಾವು ಆಗಲೇ ಬಹಳ ವರ್ಷದಿಂದ ಇದ್ದೇವೆ ಅನಿಸಿತು.

ಮೊದಲ ಬೆಳಗ್ಗೆಯೇ ಏಣಿಯನ್ನು ನದಿಗೆ ಕರೆದುಕೊಂಡು ಹೋದೆ. ಮಕ್ಕಳು ಬಿದ್ದ ಮರದ ದಿಮ್ಮಿಯಿಂದ ನೀರಿಗೆ ಹಾರುತ್ತಿದ್ದರು. ಚೀಲದಿಂದ ಒಂದು ಪೊಟ್ಟಣ ತೆಗೆದು ಅವಳ ಕೈಗಿಟ್ಟೆ. ಮೂರು ಸಂಜೆ ಅವಳಿಗೆ ಗೊತ್ತಾಗದಂತೆ ಹೊಲಿದ ಈಜುಡುಗೆ. ಕಡುನೀಲಿ, ಹಿಗ್ಗುವ ಬಟ್ಟೆ, ಒಂದು ಸುಕ್ಕಿಲ್ಲ.

ಏಣಿ ಅದನ್ನು ಬಿಡಿಸಿ, ಭುಜಕ್ಕೆ ಹಿಡಿದು ನೋಡಿದಳು. ತೊಡೆಗೆ ಬರಬೇಕಾದದ್ದು ಹೊಕ್ಕುಳಿನ ಹತ್ತಿರ ಮುಗಿದಿತ್ತು.

"ಇದು ಯಾರ ಅಳತೆ ಅಮ್ಮ?"

"ನಿಂದೇ ಕಣೆ. ಪುಸ್ತಕದಲ್ಲಿ ಇತ್ತಲ್ಲ."

"ಯಾವ ವರ್ಷದ್ದು?"

ಆರು ತಿಂಗಳ ಹಳೆಯ ಅಳತೆ ಕೊಡುವ ಗಿರಾಕಿಯನ್ನು ನಾನು ಬೈದು ಕಳಿಸುತ್ತೇನೆ. ದಿನವಿಡೀ ಟೇಪು ಕತ್ತಿಗೆ ನೇತುಹಾಕಿಕೊಂಡಿರುವ ಹೆಂಗಸು, ಹೆತ್ತ ಮಗಳಿಗೆ ಹನ್ನೆರಡನೆಯ ವರ್ಷದ ಅಳತೆಯಲ್ಲಿ ಬಟ್ಟೆ ಹೊಲಿದಿದ್ದೆ. ಹೊಲಿಯುವಾಗ ಒಂದು ಸಲವೂ ಅನುಮಾನ ಬರಲಿಲ್ಲ. ನನ್ನ ಕಣ್ಣ ಮುಂದೆ ಇದ್ದವಳು ಆ ಹನ್ನೆರಡರವಳೇ.

ಏಣಿ ನಕ್ಕಳು. ಬಹಳ ತಿಂಗಳ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು, ನಾನೂ ನಕ್ಕೆ. ನಗು ಮುಗಿದ ಮೇಲೆ ಅವಳು ಆ ಬಟ್ಟೆಯನ್ನು ಮಡಿಸುತ್ತ, ನನ್ನ ಕಡೆ ನೋಡದೆ ಹೇಳಿದಳು.

"ಹಳೇದು ಬಿಗಿಯಾದಾಗ ನೀನು ಎರಡೂ ಪಕ್ಕಕ್ಕೆ ಪಟ್ಟಿ ಕೂಡಿಸಿ ಕೊಟ್ಟಿದ್ದೆ, ನೆನಪಿದೆಯಾ?"

ನೆನಪಿರದೆ ಏನು! ನೀಲಿ ಸಿಕ್ಕಿರಲಿಲ್ಲ, ಕೆಂಪು ಪಟ್ಟಿ ಕೂಡಿಸಿದ್ದೆ. ಜೋಡಿಸಿದ ಗೆರೆ ಉಗುರಿಗೂ ಸಿಕ್ಕದಷ್ಟು ನಯವಾಗಿ ಹೊಲಿದು, ಅಂಗಡಿಗೆ ಬಂದವರಿಗೆಲ್ಲ ತೋರಿಸಿದ್ದೆ.

"ಹುಡುಗೀರೆಲ್ಲ ನಕ್ಕಿದ್ರು. ನಿಮ್ಮಮ್ಮ ನಿನ್ನನ್ನೂ ಹೀಗೇ ಬಿಚ್ಚಿ ದೊಡ್ಡದು ಮಾಡ್ತಾರಾ ಅಂತ ಕೇಳಿದ್ರು. ಆಮೇಲೆ ನನಗೆ ಹೋಗೋಕೆ ಆಗ್ಲಿಲ್ಲ."

"ನನಗೆ ಯಾಕೆ ಹೇಳಲಿಲ್ಲ?"

"ನೀನು ಅಷ್ಟು ಖುಷಿಯಾಗಿದ್ದೆ."

ಅವಳನ್ನು ನೀರಿನಿಂದ ಎಳೆದು ಹಾಕಿದ್ದು ನಾನೇ. ಅದಾದ ಮೇಲೆ ಅವಳನ್ನು ಮತ್ತೆ ನೀರಿಗೆ ಹಾಕಬೇಕೆಂದು ಊರೂರು ತಿರುಗಿಸುತ್ತಿದ್ದವಳೂ ನಾನೇ. "ತಪ್ಪಾಯ್ತು ಕಣೆ" ಎಂದೆ. ಆ ಮಾತು ನನ್ನ ಬಾಯಿಂದ ಬರುವುದು ಅಪರೂಪ, ಅವಳಿಗೂ ಅದು ಗೊತ್ತು. ಅವಳು ಕಾಲಿಂದ ಒಂದು ಬೆಣಚುಕಲ್ಲನ್ನು ನೀರಿಗೆ ತಳ್ಳಿದಳು. "ಬಿಡಮ್ಮ, ಈಗ ನಿಜವಾಗ್ಲೂ ನೀರು ಬೇಜಾರು" ಎಂದಳು.

ಅಷ್ಟೆಲ್ಲ ಆದ ಮೇಲೂ ನನ್ನ ಮನಸ್ಸು ಆ ಊರಿನಲ್ಲೇ ನೆಟ್ಟಿತ್ತು. ಈಜದಿದ್ದರೆ ಬೇಡ, ಕಾಲುದಾರಿಯಿದೆ, ಸೈಕಲ್ಲಿದೆ. ಮರುದಿನ ಮಧ್ಯಾಹ್ನ ಚೀಲ ಕಟ್ಟುತ್ತ, ಆದಷ್ಟು ಹಗುರವಾಗಿ ಕೇಳಿದೆ.

"ಇದನ್ನೇ ಗಟ್ಟಿ ಮಾಡೋಣ್ವಾ?"

"ಬೇಡ."

ಅಷ್ಟು ದಿನ ನುಂಗಿದ್ದೆಲ್ಲ ಒಮ್ಮೆಲೇ ಮೇಲೆ ಬಂತು. "ಏನು ಬೇಕು ನಿನಗೆ? ಸ್ವರ್ಗ ತಂದು ಎದುರಿಗಿಟ್ಟರೂ ಬೇಡ ಅಂತೀಯ! ನೀನು ಮೊದಲೇ ನಿರ್ಧಾರ ಮಾಡ್ಕೊಂಡಿದ್ದೀಯ ಅಲ್ವಾ? ನಾಲ್ಕಕ್ಕೂ ಬೇಡ ಅಂದ್ರೆ ಅಪ್ಪನ ಹತ್ರ ಹೋಗಬಹುದು ಅಂತ. ಈಗಲೇ ಫೋನ್ ಮಾಡ್ತೀನಿ, ಬಂದು ಕರ್ಕೊಂಡು ಹೋಗ್ಲಿ."

"ಇನ್ನೂ ಒಂದು ಊರಿದೆ" ಎಂದಳು ಏಣಿ.

ನಾಲ್ಕನೆಯ ಊರಿನ ಬಸ್ಸಿನಲ್ಲಿ ನಾವು ಮಾತಾಡಲಿಲ್ಲ. ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುವುದಿಲ್ಲ ಎಂಬುದು ನನಗೆ ಗೊತ್ತು; ಆದರೆ ಪ್ರತಿಸಲವೂ ಕೊಯ್ದ ಮೇಲೆಯೇ ಗೊತ್ತಾಗುತ್ತದೆ. ಹೊಲಗಳು ಹಿಂದೆ ಸರಿದು ಬಯಲು ಬಂತು, ಬಯಲಿನಲ್ಲಿ ಬಂಡೆಗಳು ಎದ್ದವು. ಏಣಿಗೆ ನಿದ್ದೆ ಹತ್ತಿ, ತಲೆ ವಾಲುತ್ತ ವಾಲುತ್ತ ನನ್ನ ಭುಜಕ್ಕೆ ಬಂತು. ಎಚ್ಚರವಿದ್ದಾಗ ಹತ್ತು ಹೆಜ್ಜೆ ದೂರವಿರುವವಳು ನಿದ್ದೆಯಲ್ಲಿ ಪೂರ್ತಿ ಭಾರ ಬಿಟ್ಟು ಒರಗಿದ್ದಳು. ಎರಡು ಗಂಟೆ ನಾನು ಅಲ್ಲಾಡಲಿಲ್ಲ. ತೋಳು ಜೋಮು ಹಿಡಿಯಿತು. ಈ ಬಸ್ಸು ಎಲ್ಲಿಗೂ ಮುಟ್ಟದಿರಲಿ, ಹೀಗೇ ಹೋಗುತ್ತಿರಲಿ ಎಂದು ಬೇಡಿಕೊಂಡೆ.

ಬಸ್ಸು ಮುಟ್ಟಿತು. ಇಳಿದ ಕೂಡಲೇ ಗಾಳಿ ನನ್ನ ತಲೆವಸ್ತ್ರ ಕಿತ್ತುಕೊಂಡು ಹೋಯಿತು. ಬೂದುಕಲ್ಲಿನ ಮನೆಗಳು, ಬೂದುಕಲ್ಲಿನ ಬೀದಿ, ಊರ ಬೆನ್ನಿಗೆ ಒಂದರ ಮೇಲೊಂದು ಪೇರಿಸಿಟ್ಟಂಥ ಬಂಡೆಗಳ ಬೆಟ್ಟ. ನದಿಯಿಲ್ಲ, ಕೆರೆಯಿಲ್ಲ. ಬಾಡಿಗೆ ಎಲ್ಲಕ್ಕಿಂತ ಕಡಿಮೆ ಎಂಬ ಒಂದೇ ಕಾರಣಕ್ಕೆ ಇದು ಪಟ್ಟಿಯ ಕೊನೆಗೆ ಸೇರಿತ್ತು. ಇಲ್ಲಿ ಅವಳು ಹೂಂ ಎನ್ನುವುದು ಕನಸಿನ ಮಾತು. ಎಲ್ಲ ಮುಗಿಯಿತು ಎಂದಾದ ಮೇಲೆ ಒಳ್ಳೆಯವಳಾಗಿರುವುದು ಯಾರಿಗಾಗಿ? ಬಾಯಿಯ ಬೀಗ ತೆಗೆದುಬಿಟ್ಟೆ.

ಕಿಟಕಿಯ ಚಿಲಕ ಕೂರುತ್ತಿಲ್ಲ ಎಂದು ಕೋಣೆಯವನ ಜೊತೆ ಮೊದಲ ಜಗಳ. ಆಲೂಗಡ್ಡೆ ಮೆತ್ತಗಿದೆ ಎಂದು ತರಕಾರಿಯವನ ಜೊತೆ ಎರಡನೆಯದು.

"ಇದೇನು ಆಲೂಗಡ್ಡೆಯೋ, ಮುದುಕಿ ಕೆನ್ನೆಯೋ?"

"ಕೆನ್ನೆ ಹಿಂಡಿ ನೋಡೋರಿಗೆ ನಾನು ಮಾರಲ್ಲಮ್ಮ, ಮುಂದೆ ಹೋಗಿ."

ಮುಂದೆ ಹೋಗಲಿಲ್ಲ. ಬುಟ್ಟಿ ಬುಡದವರೆಗೆ ಆರಿಸಿದೆ, ಅವನು ಉದ್ದಕ್ಕೂ ಗೊಣಗಿದ. ಮರುದಿನ ಹೋದರೆ, "ಬಂದ್ರಪ್ಪ ಪೊಲೀಸಿನೋರು" ಎನ್ನುತ್ತ ಗಟ್ಟಿಯಾದವನ್ನು ಬೇರೆ ತೆಗೆದಿಟ್ಟಿದ್ದ. ತಕ್ಕಡಿಯ ವಿಷಯಕ್ಕೆ ಮತ್ತೆ ಶುರುವಾಯಿತು.

ಅಂದೇ ಬೀದಿಯಲ್ಲಿ ದಪ್ಪನೆಯ ಹೆಂಗಸೊಬ್ಬಳು ಎದುರಾದಳು. ಮೈಮೇಲೆ ಒಳ್ಳೆಯ ಉಣ್ಣೆಯ ಕೋಟು, ಕೆಳಗಿನ ಅಂಚು ಮಾತ್ರ ಹಾವು ಹರಿದಂತೆ. ನನಗೆ ತಡೆಯಲಾಗಲಿಲ್ಲ.

"ಇದನ್ನ ಹೊಲಿದೋರು ಯಾರ್ರೀ? ಅವರನ್ನ ಜೈಲಿಗೆ ಹಾಕ್ಬೇಕು."

"ನಾನೇ ಹೊಲಿದಿದ್ದು" ಎಂದಳು ಅವಳು, ಸೊಂಟಕ್ಕೆ ಕೈಯಿಟ್ಟು. ಬೀದಿಯಲ್ಲಿದ್ದವರೆಲ್ಲ ನಿಂತರು. ನಾನೂ ಸೊಂಟಕ್ಕೆ ಕೈಯಿಟ್ಟೆ. ಅವಳು ಆ ಗಾಳಿಯಲ್ಲೇ ಕೋಟು ಬಿಚ್ಚಿ ನನ್ನ ಮೇಲೆ ಎಸೆದಳು. "ಸರಿ ಮಾಡಿ ಕೊಡು ನೋಡೋಣ, ಬಾಯಿ ಇದ್ದಷ್ಟು ಕೈ ಇದೆಯಾ ಅಂತ." ಅವಳ ಮನೆಯ ಮೆಟ್ಟಿಲ ಮೇಲೆ ಕೂತು ಅಂಚು ಬಿಚ್ಚಿ ಮತ್ತೆ ಮಡಿಸಿದೆ. ಮುಗಿಯುವುದರೊಳಗೆ ನಾಲ್ಕು ಜನ ಹರಿದ ಬಟ್ಟೆ ತಂದು ಸುತ್ತ ನಿಂತಿದ್ದರು, ಒಬ್ಬೊಬ್ಬರೂ ಒಂದೊಂದು ಸಲಹೆ ಕೊಡುತ್ತ, ಬೈಸಿಕೊಳ್ಳುತ್ತ. ಗಾಳಿಗೆ ದಾರ ಹಾರಿ ಹಾರಿ ಹೋಗುತ್ತಿತ್ತು. ನನಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ತಲೆಯೆತ್ತಿದಾಗ ಬೀದಿಯ ಆ ತುದಿಯಲ್ಲಿ ಏಣಿ ನಿಂತು ನೋಡುತ್ತಿದ್ದಳು. ಮೊಣಕಾಲಿಗೆ ಕಲ್ಲಿನ ಪುಡಿ, ಅಂಗೈ ತರಚಿತ್ತು, ಕೆನ್ನೆ ಕೆಂಪಗಿತ್ತು. ಈ ಸಲ ಅವಳು ಆ ಕಡೆ ದಾಟಿ ಹೋಗಲಿಲ್ಲ.

ಎರಡನೆಯ ಮಧ್ಯಾಹ್ನ ಅವಳು, "ಅಮ್ಮ, ಏಳು, ಮೇಲೆ ಹೋಗೋಣ" ಎಂದಳು.

"ನಾನಾ? ಆ ಬೆಟ್ಟನಾ? ದೂರದಿಂದಲೇ ನುಣ್ಣಗೆ ಕಾಣ್ತಿದೆ, ಹಾಗೇ ಇರ್ಲಿ ಬಿಡು."

ಎಳೆದುಕೊಂಡೇ ಹೋದಳು. ಬಂಡೆಗಳ ನಡುವೆ ಕುರಿಗಳು ಮಾಡಿದ ಸಣ್ಣ ದಾರಿಯಿತ್ತು. ಅವಳು ಎಲ್ಲಿ ಹೆಜ್ಜೆ ಇಡಬೇಕೆಂದು ಮೊದಲೇ ಗೊತ್ತಿರುವವಳಂತೆ ಹತ್ತುತ್ತಿದ್ದಳು; ಎರಡೇ ದಿನದಲ್ಲಿ ಆ ಕಲ್ಲುಗಳನ್ನೆಲ್ಲ ಪರಿಚಯ ಮಾಡಿಕೊಂಡಿದ್ದಳು. ಆ ಉದ್ದ ಕೈಕಾಲುಗಳು ಮನೆಯಲ್ಲಿ ಯಾವಾಗಲೂ ಏನನ್ನಾದರೂ ಬೀಳಿಸುತ್ತಿದ್ದವು, ಇಲ್ಲಿ ಒಂದೂ ತಪ್ಪು ಹೆಜ್ಜೆ ಇಡಲಿಲ್ಲ. ಇಷ್ಟು ದೊಡ್ಡವಳು ಯಾವಾಗ ಆದಳು ಎಂದು ನಾನು ಏದುಸಿರು ಬಿಡುತ್ತ ನೋಡಿದೆ. ತುದಿಯಲ್ಲಿ ಚಪ್ಪಟೆ ಬಂಡೆಯ ಮೇಲೆ ಕೂತೆವು. ಕೆಳಗೆ ಊರು ಬಿಸಿಲಿನಲ್ಲಿ ತೇಲುತ್ತಿತ್ತು. ಹಗ್ಗದ ಮೇಲಿನ ಬಟ್ಟೆಗಳು ಅಷ್ಟು ಎತ್ತರದಿಂದ ಕೈಬೀಸುವ ಹಾಗೆ ಕಾಣುತ್ತಿದ್ದವು.

"ಈ ಊರು" ಎಂದಳು ಏಣಿ.

ನನಗೆ ಸರಿಯಾಗಿ ಕೇಳಿಸಿತೋ ಇಲ್ಲವೋ ಎಂದುಕೊಂಡೆ. "ಇಲ್ಲಿ ನೀರಿಲ್ಲ ಕಣೆ."

"ನನಗೆ ನೀರು ಬೇಡ ಅಂತ ಎಷ್ಟು ಸಲ ಹೇಳ್ಲಿ? ಬಂಡೆ ಮೇಲೆ ಇದ್ರೆ ಯಾರೂ ನನ್ನ ನೋಡಲ್ಲ. ನಾನೇ ಎಲ್ಲರನ್ನೂ ನೋಡ್ತೀನಿ."

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆಯಲ್ಲಿ ಕೋಣ ಯಾರೆಂದು ಆಗ ತಿಳಿಯಿತು. ಆದರೂ ಲೆಕ್ಕ ಕೂಡಲಿಲ್ಲ. "ಮೆಟ್ಟಿಲ ಊರಲ್ಲೂ ಗುಡ್ಡ ಇತ್ತಲ್ಲ?"

"ಇತ್ತು. ಇದಕ್ಕಿಂತ ಚೆನ್ನಾಗಿತ್ತು."

"ಮತ್ತೆ ಬೇಡ ಅಂದೆ?"

ಅವಳು ಅಂಗೈಯ ತರಚಿದ ಗಾಯವನ್ನು ಊದುತ್ತ ಕೂತಳು. "ನೀನು ಅಲ್ಲಿ ಹೇಗೋ ಇದ್ದೆ. ಯಾರು ಏನಂದ್ರೂ ಪರವಾಗಿಲ್ಲ, ಪರವಾಗಿಲ್ಲ. ನದಿ ಊರಲ್ಲಂತೂ ಎರಡು ದಿನ ಒಬ್ಬರನ್ನೂ ಬೈಲಿಲ್ಲ. ನೀನು ಕೋಣೆಗೆ ಬಂದು ಗೋಡೆ ನೋಡ್ತಾ ಕೂತಿರ್ತಿದ್ದೆ. ನನಗೆ ಹೆದರಿಕೆ ಆಯ್ತು."

"ನಿನಗೆ ನಾಚಿಕೆ ಆಗಬಾರದು ಅಂತ ಹಾಗಿದ್ದೆ!"

"ನಾಚಿಕೆ ಆಗತ್ತೆ. ಆದರೆ ನಾನು ಇರೋದು ಮೂರೇ ವರ್ಷ ಅಮ್ಮ. ಶಾಲೆ ಮುಗಿದ ಮೇಲೆ ಓದೋಕೆ ಎಲ್ಲಿಗಾದ್ರೂ ಹೋಗ್ಲೇಬೇಕಲ್ಲ. ಆಮೇಲೂ ಆ ಊರಲ್ಲಿ ಇರೋಳು ನೀನು. ಜಗಳ ಆಡೋಕೆ ಒಬ್ಬರೂ ಇಲ್ಲದ ಊರಲ್ಲಿ ನಿನ್ನ ಬಿಟ್ಟು ನಾನು ಹೇಗೆ ಹೋಗ್ಲಿ?"

ಅವಳು ಗಾಳಿಗೆ ಹಾರುತ್ತಿದ್ದ ಕೂದಲನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡಳು.

"ಅಪ್ಪನ ಹತ್ರ ಹೋಗ್ತೀನಿ ಅಂತ ನಾನು ಯಾವತ್ತೂ ಹೇಳ್ಲಿಲ್ಲ" ಎಂದಳು. "ಅದು ನೀನು ಹೇಳಿದ್ದು."

ಮೂರು ವರ್ಷ. ಆ ಲೆಕ್ಕ ನನ್ನ ತಲೆಗೆ ಬಂದೇ ಇರಲಿಲ್ಲ. ಊರು ಸಿಕ್ಕರೆ ಸಾಕು, ಅವಳು ಉಳಿಯುತ್ತಾಳೆ ಎಂದುಕೊಂಡಿದ್ದೆ. ಉಳಿಯುವುದೆಂದರೆ ಯಾವಾಗಲೂ ಎಂದುಕೊಂಡಿದ್ದೆ. ನಾನು ಅವಳಿಗಾಗಿ ಊರು ಹುಡುಕುತ್ತ ತಿರುಗುವಾಗ, ಹತ್ತು ಹೆಜ್ಜೆ ಮುಂದೆ ನಡೆಯುತ್ತಿದ್ದ ಆ ಹುಡುಗಿ ತಾನಿಲ್ಲದ ದಿನಗಳಿಗಾಗಿ ನನಗೊಂದು ಊರು ಹುಡುಕುತ್ತಿದ್ದಳು. ನನಗೆ ಅಳು ಬಂತು, ಜೋರಾಗಿಯೇ ಅತ್ತೆ. ಸಂತೋಷ ಎಷ್ಟು, ದುಃಖ ಎಷ್ಟು ಎಂದು ಬಿಡಿಸಿ ಹೇಳಲಾರೆ. ಏಣಿ ನನ್ನ ಪಕ್ಕಕ್ಕೆ ಸರಿದು ಒತ್ತಿ ಕೂತಳು. ಎಚ್ಚರವಾಗಿದ್ದಾಗಲೇ.

ಇಳಿದವರೇ ಕೋಟಿನ ಹೆಂಗಸಿನ ಮನೆಗೆ ಹೋದೆವು. ಪಕ್ಕದಲ್ಲೇ ಅವಳದೇ ಒಂದು ಮನೆ ಖಾಲಿ ಬಿದ್ದಿದೆ ಎಂದು ಹೊಲಿಯುವಾಗ ಯಾರೋ ಹೇಳಿದ್ದರು. ಬೀದಿಗೆ ಮುಖ ಮಾಡಿದ ಮುಂದಿನ ಕೋಣೆ, ಹಿಂದೆ ಎರಡು ಚಿಕ್ಕವು, ಒಂದರ ಕಿಟಕಿಯಲ್ಲಿ ಬೆಟ್ಟ ಇಡೀ ತುಂಬಿಕೊಂಡಿತ್ತು. ಏಣಿ ನೇರವಾಗಿ ಅಲ್ಲಿಗೆ ಹೋಗಿ ಕಿಟಕಿ ತೆರೆದಳು. ನೇರವಾದ ಅಂಚಿನ ಕೋಟು ತೊಟ್ಟ ಮನೆಯೊಡತಿ ಬಾಗಿಲಲ್ಲಿ ನಿಂತು ಬಾಡಿಗೆ ಹೇಳಿದಳು. ನ್ಯಾಯವಾಗಿಯೇ ಇತ್ತು.

"ಮನೇಲಿ ಇರೋರು ಎಷ್ಟು ಜನ?" ಎಂದು ಕೇಳಿದಳು.

"ಇಬ್ಬರು" ಎಂದಳು ಏಣಿ ಒಳಗಿನಿಂದ.

"ಮೂರು ವರ್ಷ ಇಬ್ಬರು" ಎಂದೆ. "ಆಮೇಲೆ ಒಬ್ಬಳೇ."

ಕಿಟಕಿಯ ಹತ್ತಿರ ಏಣಿ ತಿರುಗಿ ನೋಡಿದಳು. ಮನೆಯೊಡತಿ ನನ್ನ ಕೆಂಪಾದ ಕಣ್ಣು ನೋಡಿದಳು, ಅವಳನ್ನೂ ನೋಡಿದಳು, ಕೋಟಿನ ಗುಂಡಿ ಹಾಕಿಕೊಂಡಳು.

"ಒಬ್ಬಳೇ ಆದ್ರೆ ಬಾಡಿಗೆ ಕಡಿಮೆ ಮಾಡ್ತೀನಿ ಅಂತ ಅಂದ್ಕೋಬೇಡ."

"ನಾನು ಕೇಳೋದು ಬಿಡ್ತೀನಿ ಅಂತ ನೀವೂ ಅಂದ್ಕೋಬೇಡಿ" ಎಂದೆ.

"ದಿನಾ ಬಂದು ಕೇಳಿದ್ರೂ ಅಷ್ಟೆ."

"ದಿನಾ ಬರ್ತೀನಿ" ಎಂದೆ. ಒಳಗಿನ ಕೋಣೆಯಲ್ಲಿ ಏಣಿ ಬೆಟ್ಟದ ಕಡೆ ಮುಖ ತಿರುಗಿಸಿ ಮೂಗು ಒರೆಸಿಕೊಂಡಳು.